ನಡುಹಗಲಲ್ಲಿ ಹೊಳೆದ ಬೂಟು

"ಬಾಗಿಲು ಹಾಕಿ. ಕೆಳಗಿನ ಸಂದಿಗೆ ಆ ಗೋಣಿ ತುರುಕಿ. ಇನ್ನೂ ಸ್ವಲ್ಪ. ಹಾಂ, ಈಗ ನನ್ನ ಮೂಗು ಕಾಣ್ತಿದೆಯಾ?"

"ನಿಮ್ಮ ಮೂಗು ಕಟ್ಕೊಂಡು ನನಗೇನಾಗ್ಬೇಕು ಮೇಡಂ?" ಕತ್ತಲೆಯೊಳಗಿಂದ ಇನ್ಸ್‌ಪೆಕ್ಟರ್ ಗುರುಗುಟ್ಟಿದ. "ಊಟದ ಹೊತ್ತಿನ ಲಾಂಚಿಗೆ ನಾನು ಕೈದೀನ ಹತ್ತಿಸ್ಬೇಕು. ಅರ್ಥ ಆಯ್ತಾ?"

ಪ್ರತಿ ಮಾತಿನ ಬಾಲಕ್ಕೂ ಒಂದು 'ಅರ್ಥ ಆಯ್ತಾ' ಕಟ್ಟುವುದು ಆತನ ಚಟ. ಅರ್ಥವಾಗದಂಥದ್ದೇನನ್ನೂ ಆತ ಈವರೆಗೆ ಹೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಹೊರಗೆ ನೆತ್ತಿ ಸುಡುವ ಬಿಸಿಲು. ದೋಣಿಕಟ್ಟೆಯ ಉಗ್ರಾಣದೊಳಗೆ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲೆ. ಗೋಡೆಗೆ ನೇತುಹಾಕಿದ ಲೈಫ್ ಜಾಕೆಟ್‌ಗಳು ಕಾಣುತ್ತಿರಲಿಲ್ಲ, ಅವುಗಳ ಮುಗ್ಗಲು ವಾಸನೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮೂಲೆಯಲ್ಲೆಲ್ಲೋ ಒದ್ದೆ ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೊದಲು ಬಕೆಟ್ಟು," ಎಂದಳು ರೇಡಿಯೋ ಅಕ್ಕ.

ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ವರ್ಷಗಟ್ಟಲೆ ರೇಡಿಯೋ ನಾಟಕಗಳಲ್ಲಿ ಅತ್ತೆ, ಸೊಸೆ, ಮುದುಕ, ಕೂಸು, ಕಾಗೆ, ಕಿರುಗುಟ್ಟುವ ಬಾಗಿಲು ಎಲ್ಲವೂ ಆಗಿದ್ದವಳು. ನಾಟಕ ನಿಂತಮೇಲೆ ಪತ್ತೇದಾರಿಕೆಗಿಳಿದಳು. ಎರಡರಲ್ಲೂ ಕೆಲಸ ಒಂದೇ, ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುವುದು ಎನ್ನುತ್ತಿದ್ದಳು.

ಬಕೆಟ್ಟಿನ ನೀರಿನಲ್ಲಿ ಅವಳು ಕೈಯಾಡಿಸಿದ ಸದ್ದು ಕೇಳಿಸಿತು. ಗಳಗಳ. ಅಷ್ಟೇ.

"ಏನಾದ್ರೂ ಕಂಡಿತಾ?"

"ಏನೂ ಇಲ್ಲ."

"ಇದು ಕೊಲ್ಲಿ ನೀರು. ಬೆಳಿಗ್ಗೆ ನಿಮ್ಮ ಪೇದೆ ಎದುರಿಗೇ ತುಂಬಿಸಿದ್ದು. ಈಗ ಬೂಟು."

ಅವಳು ರಬ್ಬರ್ ಬೂಟನ್ನು ಎತ್ತಿ, ಒಮ್ಮೆ ಅಲುಗಿಸಿ, ಖಾಲಿ ಡಬ್ಬಿಗೆ ಬಗ್ಗಿಸಿದಳು.

ಬೆಳಕು ಸುರಿಯಿತು.

ನೀಲಿಯೂ ಅಲ್ಲದ, ಹಸಿರೂ ಅಲ್ಲದ ತಣ್ಣನೆಯ ಬೆಳಕು. ಬೂಟಿನ ಬಾಯಿಂದ ಡಬ್ಬಿಯವರೆಗೆ ಒಂದು ಉರಿಯುವ ನೂಲು. ಡಬ್ಬಿಯ ತಳದಲ್ಲಿ ಅದು ಸುಳಿ ತಿರುಗಿ, ಒಂದು ಕ್ಷಣ ಇನ್ಸ್‌ಪೆಕ್ಟರನ ಮೀಸೆಯನ್ನೂ ಬಿಟ್ಟ ಬಾಯನ್ನೂ ಕೆಳಗಿನಿಂದ ತೋರಿಸಿ, ಆರಿಹೋಯಿತು. ಬೂಟಿನೊಳಗೆ ಮಾತ್ರ ಇನ್ನೂ ಮಿಣಮಿಣ ಅನ್ನುತ್ತಿತ್ತು, ಅಲ್ಲಿ ಯಾರದೋ ಕಾಲು ಸಣ್ಣಗೆ ಬೆರಳಾಡಿಸುತ್ತಿರುವ ಹಾಗೆ.

ಆ ಬೂಟು ಕ್ಯಾಪ್ಟನ್‌ನದು. ರಾತ್ರಿ ಮುಟ್ಟಿದರೆ ನೀಲಿ ಹೊಳೆಯುವ ಆ ಕೊಲ್ಲಿಯಲ್ಲಿ ಪ್ರವಾಸಿಗರಿಗೆ ದೋಣಿವಿಹಾರ ನಡೆಸುತ್ತಿದ್ದ ಕ್ಯಾಪ್ಟನ್ ನಿನ್ನೆ ಬೆಳಿಗ್ಗೆ ದಡದ ಪೊದೆಗಳ ಬೇರಿಗೆ ಸಿಕ್ಕಿಕೊಂಡು ಹೆಣವಾಗಿ ತೇಲಿದ್ದ. ಮೊನ್ನೆ ಸಂಜೆ ಅವನೊಡನೆ ಜಗಳವಾಡಿ ಒಬ್ಬನೇ ದೋಣಿ ತೆಗೆದುಕೊಂಡು ಹೋಗಿದ್ದ ತಮ್ಮನ ಕೈಗೆ ಬೇಡಿ ಬಿದ್ದಿತ್ತು.

"ಇದೆಂಥ ಬೂಟಾಟಿಕೆ ಮೇಡಂ?" ಇನ್ಸ್‌ಪೆಕ್ಟರ್ ಧ್ವನಿ ತಗ್ಗಿತ್ತು. ಅವನಿಗೆ ಗೊತ್ತಿಲ್ಲದೇ ಬಂದ ಶ್ಲೇಷೆ ಅದು. ಗೊತ್ತಿದ್ದು ಮಾಡಿದ್ದು ಬೇರೆಯಿತ್ತು: ಕೊಲ್ಲಿ ಅಂತ ಹೆಸರಿಟ್ಟುಕೊಂಡಮೇಲೆ ಕೊಲ್ಲದೆ ಬಿಡುತ್ತಾ ಎಂದು ನಿನ್ನೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಒಬ್ಬನೇ ನಗುತ್ತಿದ್ದ.

"ಒಂದು ಹನಿಯೂ ಚೆಲ್ಲದ ಹಾಗೆ ಬೂಟನ್ನ ಕಟ್ಟಿಡಿ ಅಂತ ಹೇಳಿದ್ದು ನೀವೇ. ಅದಕ್ಕೆ ನಿಮಗೊಂದು ನಮಸ್ಕಾರ. ಮೀನಖಂಡದ ಹತ್ರ ಈ ಪಟ್ಟಿ ಇದೆ ನೋಡಿ, ದೋಣಿಯವರು ಇದನ್ನ ಬಿಗಿದು ಕಟ್ತಾರೆ. ಹೊರಗಿನ ನೀರು ಬೂಟಿನೊಳಗೆ ನುಗ್ಗೋದು ಕಷ್ಟ. ಹಿಡಿದು ಮುಳುಗಿಸಿದಾಗ ಹೇಗೋ ಒಳಗೆ ನುಗ್ಗಿತು ಅನ್ನಿ, ಆಮೇಲೆ ಹೊರಗೆ ಬರೋದು ಇನ್ನೂ ಕಷ್ಟ."

"ಹೊಳೆಯೋ ಕೊಲ್ಲಿ ನೀರು ಹೊಳೆದರೆ ಅದ್ರಲ್ಲೇನಿದೆ?"

"ಬಕೆಟ್ಟಿನದು ಯಾಕೆ ಹೊಳೀಲಿಲ್ಲ?"

ಮೂಲೆಯ ಹಗ್ಗ ಎರಡು ಹನಿ ತೊಟ್ಟಿಕ್ಕಿತು.

"ನೀರು ಹೊಳೆಯಲ್ಲ ಇನ್ಸ್‌ಪೆಕ್ಟರ್ರೇ, ನೀರಿನಲ್ಲಿರೋ ಜೀವ ಹೊಳೆಯುತ್ತೆ. ಒಂದೇ ಜೀವಕೋಶ, ಕಣ್ಣಿಗೆ ಕಾಣಲ್ಲ. ಪ್ರಾಣಿ ಅಂದ್ರೆ ಇಲ್ಲಿ ಇವನ್ನ ಸಾಕೋ ಪ್ರೊಫೆಸರ್ ಬಯ್ತಾರೆ, ಗಿಡ ಅಂದ್ರೂ ಬಯ್ತಾರೆ. ಹಗಲು ಬಿಸಿಲು ಉಂಡ್ಕೊಂಡು ತೆಪ್ಪಗಿರ್ತವೆ. ರಾತ್ರಿ ಯಾರಾದ್ರೂ ಮುಟ್ಟಿದ್ರೆ ಬೆಚ್ಚಿಬಿದ್ದು ಮಿಂಚ್ತವೆ. ಹಗಲು ಹೊತ್ತು ತಂದು ಕತ್ತಲೆಗೆ ಇಟ್ರೂ ಮಿಂಚಲ್ಲ. ಯಾಕಂದ್ರೆ ಅವುಗಳೊಳಗೇ ಒಂದು ಗಡಿಯಾರ ಇದೆ, ಈಗ ಹಗಲು ಅಂತ ಅವಕ್ಕೆ ಗೊತ್ತು."

"ಹಾಗಾದ್ರೆ ಈ ಬೂಟಿನೊಳಗಿರೋದು..."

"ಅದರ ಗಡಿಯಾರದಲ್ಲಿ ಈಗ ನಡುರಾತ್ರಿ. ಅರ್ಥ ಆಯ್ತಾ?"

ಕೊನೆಯ ಎರಡು ಮಾತು ಬಂದದ್ದು ಇನ್ಸ್‌ಪೆಕ್ಟರನದೇ ಗಂಟಲಿನಲ್ಲಿ. ಕತ್ತಲೆಯಲ್ಲಿ ಆತ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ.

"ಹಗಲು ರಾತ್ರಿ ಅದಲುಬದಲಾದ ನೀರು ಈ ದಡದಲ್ಲಿ ಒಂದೇ ಕಡೆ ಇದೆ," ಅಕ್ಕ ತನ್ನ ಧ್ವನಿಗೆ ಮರಳಿದಳು. "ಹಗಲು ಬರೋ ಪ್ರವಾಸಿಗರಿಗೆ ತೋರಿಸೋಕೆ ಅಂತ ಪ್ರೊಫೆಸರ್ ಮಾಡಿರೋ ಕತ್ತಲೆಕೋಣೆ ತೊಟ್ಟಿ. ಅಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತೆ, ಹಗಲೆಲ್ಲ ಕತ್ತಲೆ. ಕ್ಯಾಪ್ಟನ್ ಮುಳುಗಿದ್ದು ಕೊಲ್ಲಿಯಲ್ಲಿ ಅಲ್ಲ."

ಬಾಗಿಲು ತೆರೆದಾಗ ಬಿಸಿಲು ಕಪಾಳಕ್ಕೆ ಹೊಡೆದಂತೆ ಒಳಬಂತು.

"ಲಾಂಚಿನ ಹಾರನ್ ಆಗೋವರೆಗೆ ಟೈಮು," ಎಂದ ಇನ್ಸ್‌ಪೆಕ್ಟರ್, ಕಣ್ಣು ಕಿರಿದು ಮಾಡಿಕೊಂಡು. "ಬೂಟು ಹೊಳೀತು ಅಂತ ವರದಿ ಬರೆದ್ರೆ ನನ್ನ ತಲೆ ಕೆಟ್ಟಿದೆ ಅಂತಾರೆ. ಯಾರಾದ್ರೂ ಬಾಯಿಬಿಟ್ಟು ಹೇಳಿದ್ರೆ ಸರಿ. ಇಲ್ಲಾಂದ್ರೆ ಕೈದಿ ಲಾಂಚಿಗೆ. ಆ ಕಡೆ ಠಾಣೆಯಲ್ಲಿ ನಮ್ಮ ಸಾಹೇಬರು ಎರಡೇ ಏಟಿಗೆ ಸತ್ಯ ಹೊರಡಿಸ್ತಾರೆ. ಒಳಗೆ ಸತ್ಯ ಇಲ್ಲದಿದ್ರೂ ಹೊರಡುತ್ತೆ."

'ಅರ್ಥ ಆಯ್ತಾ' ಈ ಸಲ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ.

* * *

ಜಗಲಿಯ ಬೆಂಚಿನ ಮೇಲೆ ತಮ್ಮ ಕುಳಿತಿದ್ದ. ಹುಟ್ಟು ಹಾಕಿ ಹಾಕಿ ದೊರಗಾದ ಕೈಗಳು ಬೇಡಿಯೊಳಗೆ ಯಾರೋ ಬಿಟ್ಟುಹೋದ ಸಾಮಾನಿನಂತೆ ಬಿದ್ದಿದ್ದವು.

"ಅಕ್ಕಾ, ಇನ್ನೊಂದ್ಸಲ ಹೇಳ್ತೀನಿ. ನಾನು ಕೊಲ್ಲಿ ಬಾಯಿ ಹತ್ರ ಇದ್ದೆ. ಕೋಪ ಬಂದಾಗ ಅಲ್ಲಿಗೇ ಹೋಗೋದು ನಾನು. ದೂರದಲ್ಲಿ, ಕಟ್ಟೆ ಕಡೆ, ನೀರೊಳಗೆ ಒಬ್ಬ ಮನುಷ್ಯ ಬೆಳಗಿದ. ಕೈ, ಕಾಲು, ತಲೆ, ಪೂರ್ತಿ ನೀಲಿ. ಮಲಗಿದ ಹಾಗೆ ಕೆಳಗೆ ಇಳೀತಾ ಹೋದ. ಆಮೇಲೆ ಆರಿಹೋದ."

"ಯಾಕಪ್ಪಾ ಹತ್ತಿರ ಹೋಗಿ ನೋಡಲಿಲ್ಲ?"

"ಹೆದರಿಕೆ ಆಯ್ತು." ಅವನು ತಲೆ ತಗ್ಗಿಸಿದ. "ನಮ್ಮಣ್ಣ ಅಂತ ಗೊತ್ತಿದ್ರೆ ಹೆದರ್ತಿರಲಿಲ್ಲ."

ಪಕ್ಕದಲ್ಲಿ ನಿಂತಿದ್ದ ಪೇದೆ ಆಕಳಿಸಿದ. ಕಣ್ಣೆದುರಿಗೇ ನಿಂತ ಸತ್ಯವನ್ನು ನಂಬಲು ಅವನಿಗೆ ಸಂಬಳ ಕೊಡುತ್ತಿರಲಿಲ್ಲ.

ಟಿಕೆಟ್ ಕೌಂಟರಿನ ಜಾಲರಿಯ ಹಿಂದೆ ಕ್ಯಾಪ್ಟನ್‌ನ ಹೆಂಡತಿ ಕುಳಿತಿದ್ದಳು. ಅಕ್ಕನಿಗೆ ಹೇಳಿಕಳುಹಿಸಿದ್ದು ಅವಳೇ. ಗಂಡನ ಹೆಣ ಸಿಕ್ಕ ಮರುದಿನವೂ ಅವಳು ಕೌಂಟರಿನಲ್ಲೇ ಕುಳಿತಿದ್ದಳು. ಮನೆಗೆ ಹೋದರೆ ಗೋಡೆ ಮಾತಾಡುತ್ತೆ ಎನ್ನುತ್ತಿದ್ದಳು. ಕೊಲ್ಲಿ ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಪಾತ್ರೆ ತೊಳೆದ ನೀರಿನ ಬಣ್ಣದಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಹಗಲಲ್ಲಿ ಅದನ್ನು ನೋಡಲು ಯಾರೂ ಟಿಕೆಟ್ ಕೊಳ್ಳಲಾರರು.

"ಏನಾದ್ರೂ ಗೊತ್ತಾಯ್ತಾ ಅಕ್ಕಾ?"

"ಆಗೋದ್ರಲ್ಲಿದೆ ತಂಗೀ. ಪ್ರೊಫೆಸರ್ ಒಳಗಿದ್ದಾರಾ?"

"ಅವರು ಹೊರಗೆ ಬಂದಿದ್ದು ಯಾವಾಗ?" ಎಂದು ಅವಳು ಬುಟ್ಟಿ ಮುಂದೆ ತಳ್ಳಿದಳು. ಕತ್ತಲೆಕೋಣೆಗೆ ಹೋಗುವವರು ಫೋನು, ಟಾರ್ಚು, ಮಿನುಗುವ ಮುಳ್ಳಿನ ಗಡಿಯಾರ ಎಲ್ಲವನ್ನೂ ಅದರಲ್ಲಿ ಬಿಟ್ಟುಹೋಗಬೇಕು. ಒಂದು ಕಿಡಿ ಬೆಳಕು ಒಳಬಿದ್ದರೂ ತೊಟ್ಟಿಯ ಜೀವಗಳು ಮಂಕಾಗುತ್ತವೆ. ಅಕ್ಕ ತನ್ನ ಫೋನನ್ನು ಬುಟ್ಟಿಗೆ ಹಾಕಿದಳು.

"ನಮ್ಮ ಮೈದುನ ಒಂದೇಟೂ ತಡ್ಕೊಳ್ಳೋನಲ್ಲ ಅಕ್ಕಾ. ಮಾಡದಿದ್ದನ್ನೂ ಮಾಡ್ದೆ ಅಂದುಬಿಡ್ತಾನೆ."

"ಗೊತ್ತು. ಅದಕ್ಕೇ ಬೆಳಿಗ್ಗೆ ನೀವು ಕಲಿಸಿದ ಪಾಠ ಒಪ್ಪಿಸೋಕೆ ಹೊರಟಿದ್ದೀನಿ."

ಬೆಳಿಗ್ಗೆ ಅಕ್ಕ ಅವಳನ್ನು ಒಂದು ವಿಚಿತ್ರ ಸಹಾಯ ಕೇಳಿದ್ದಳು: ನಿಮ್ಮೆಜಮಾನರು ಮಾತಾಡ್ತಿದ್ದದ್ದು ಹೇಗೆ? ಅವಳು ಮೊದಲು ಅತ್ತಳು. ಆಮೇಲೆ ಹೇಳಿಕೊಟ್ಟಳು. ತೊಟ್ಟಿಯ ಜೀವಗಳನ್ನು ಕ್ಯಾಪ್ಟನ್ 'ಮಿಣುಕರು' ಎನ್ನುತ್ತಿದ್ದ. ಪ್ರೊಫೆಸರ್ ಎದುರಾದಾಗಲೆಲ್ಲ "ಏನ್ ಸ್ವಾಮೀ, ನಮ್ಮ ಮಿಣುಕರು ಉಂಡ್ರಾ?" ಎಂದು ಕೇಳುತ್ತಿದ್ದ. 'ಏನ್' ಆದಮೇಲೆ ಮೂಗಿನಲ್ಲಿ ಒಂದು ಸಣ್ಣ ಉಸಿರು ಸಿಕ್ಕಿಕೊಳ್ಳಬೇಕು, 'ಸ್ವಾಮೀ' ಎನ್ನುವಾಗ ಧ್ವನಿ ಒಂದು ಮೆಟ್ಟಿಲು ಕೆಳಗೆ ಜಾರಬೇಕು. ಅಕ್ಕ ತಪ್ಪಿದಾಗಲೆಲ್ಲ ಅವಳು ತಲೆಯಾಡಿಸಿ ಸರಿಪಡಿಸಿದಳು. ಇಷ್ಟು ಸೂಕ್ಷ್ಮ ಕಿವಿ ಇರುವವಳು ರೇಡಿಯೋಕ್ಕೆ ಬಂದಿದ್ದರೆ ತನ್ನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು ಎಂದು ಅಕ್ಕ ಮನಸ್ಸಿನಲ್ಲೇ ಅಂದುಕೊಂಡಿದ್ದಳು.

* * *

ಕತ್ತಲೆಕೋಣೆಗೆ ಕಿಟಕಿಯಿಲ್ಲ. ಒಂದು ಬಾಗಿಲು, ದಪ್ಪನೆಯ ಕಪ್ಪು ಪರದೆ, ಇನ್ನೊಂದು ಬಾಗಿಲು. ಮೊದಲನೆಯದು ಮುಚ್ಚದೆ ಎರಡನೆಯದನ್ನು ತೆಗೆಯುವಂತಿಲ್ಲ. ಒಳಗೆ ಎದೆಯೆತ್ತರದ ಗೋಡೆಯ ಉದ್ದನೆಯ ತೊಟ್ಟಿ. ಮೂಲೆಯಲ್ಲಿ ಪುಟ್ಟದೊಂದು ಕೆಂಪು ಬಲ್ಬು, ಅದರ ಬೆಳಕು ಮೂಲೆ ದಾಟಿ ಬರುವಷ್ಟೂ ಇರಲಿಲ್ಲ. ಪ್ರೊಫೆಸರ್ ತೊಟ್ಟಿಯ ಮೇಲೆ ಬಾಗಿದ್ದರು.

"ಬನ್ನಿ ಮೇಡಂ. ನೋಡಿ, ಇವತ್ತು ಎಷ್ಟು ಚೆನ್ನಾಗಿವೆ!"

ಅವರು ಒಂದು ಬೆರಳು ಅದ್ದಿ ಎಳೆದರು. ನೀರಿನ ಮೇಲೆ ನೀಲಿ ಗೀರು ಹೊತ್ತಿಕೊಂಡು, ಅಂಚಿನಲ್ಲಿ ನುಣ್ಣಗೆ ಹರಡಿ, ಮಾಯವಾಯಿತು.

"ಇದು ಪ್ರಾಣಿಯೇ? ಅಲ್ಲ. ಸಸ್ಯವೇ? ಪೂರ್ತಿ ಅಲ್ಲ. ಹಾಗಾದರೆ ಏನು? ಗಮನಿಸಿ, ಇದು ಎರಡಕ್ಕೂ ಮೊದಲಿನದು. ಯಾಕೆ ಹೊಳೆಯುತ್ತೆ? ತನ್ನನ್ನು ತಿನ್ನೋಕೆ ಬಂದವನನ್ನ ಬೆಚ್ಚಿಬೀಳಿಸೋಕೆ. ಅಂದರೆ ಏನು? ಈ ಬೆಳಕು ಚೆಲುವಲ್ಲ ಮೇಡಂ, ಕೂಗು. ಸದ್ದಿಲ್ಲದ ಕೂಗು."

ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಹೇಳುವುದು ಅವರ ಪಾಠದ ರೀತಿ. ಹೀಗಾಗಿ ಅವರ ತರಗತಿಯಲ್ಲಿ ಯಾರೂ ನಪಾಸಾದದ್ದಿಲ್ಲ.

ಅಕ್ಕ ಅದೇ ರಾಗ ಹಿಡಿದಳು. "ಇದು ಕೊಲೆಯೇ? ಹೌದು. ಕೊಲ್ಲಿಯಲ್ಲಿ ಆದದ್ದೇ? ಅಲ್ಲ. ಹಾಗಾದರೆ ಎಲ್ಲಿ? ಗಮನಿಸಿ, ನಿಮ್ಮ ತೊಟ್ಟಿಯೂ ಕ್ಯಾಪ್ಟನ್ ಬೂಟೂ ಒಂದೇ ಗಡಿಯಾರ ನೋಡ್ತಿವೆ."

ಬೆರಳು ನೀರಿನಲ್ಲೇ ನಿಂತಿತು. ಅದರ ಸುತ್ತ ಒಂದು ನೀಲಿ ಉಂಗುರ ಮೂಡಿ, ಕಿರಿದಾಗಿ, ಆರಿತು.

"ಬೂಟು... ಹೊಳೀತಾ?"

"ನಡುಹಗಲಲ್ಲಿ."

"ಅದಕ್ಕೇನು, ಅವನು ತೊಟ್ಟಿ ತೊಳೆಯೋಕೆ ಇಳಿದಾಗ ನೀರು ಹೋಗಿರಬಹುದು."

"ಈ ತೊಟ್ಟಿಗೆ ಉಗುರು ಕತ್ತರಿಸದೆ ಕೈ ಹಾಕೋಕೂ ನೀವು ಯಾರನ್ನೂ ಬಿಡ್ತಿರಲಿಲ್ಲವಂತೆ. ರಸ್ತೆ ತುಳಿದ ಬೂಟು ಇಳಿಸೋಕೆ ಬಿಟ್ರಾ?"

"ಕ್ಯಾಪ್ಟನ್ ಹತ್ತಿರವೂ ಕೀಲಿ ಇತ್ತು. ನಾನಿಲ್ಲದಾಗ ಬಂದು..."

"ಬಂದು, ತನ್ನ ತಲೆಯನ್ನ ತಾನೇ ಒತ್ತಿ ಹಿಡ್ಕೊಂಡ್ರಾ?"

ಪ್ರೊಫೆಸರ್ ಬೆರಳನ್ನು ನೀರಿನಿಂದ ಕಿತ್ತುಕೊಂಡರು. ಅವರ ಉಸಿರು ಮಾತ್ರ ಕೇಳಿಸುತ್ತಿತ್ತು. ಪಾಠ ಮರೆತ ಮೇಷ್ಟರ ಉಸಿರು.

ಅಕ್ಕ ಮೂಲೆಗೆ ಹೋಗಿ ಕೆಂಪು ಬಲ್ಬನ್ನು ಆರಿಸಿದಳು.

ಈಗ ಇದ್ದದ್ದು ಕತ್ತಲೆಯಲ್ಲ, ಕತ್ತಲೆಗಿಂತ ಹಿಂದಿನದೇನೋ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ನೀರಿನ ಉಪ್ಪುವಾಸನೆ ಹತ್ತಿರ ಸರಿದುಬಂದಂತಾಯಿತು. ಬಾಗಿಲಿನ ಕಡೆ ಪರದೆ ಒಮ್ಮೆ ಸರಸರ ಎಂದಿತು. ಆ ಕಪ್ಪಿನೊಳಗಿಂದ, ತೊಟ್ಟಿಯ ಅಂಚಿನಿಂದ, ಸತ್ತ ಮನುಷ್ಯ ಮಾತಾಡಿದ.

"ಏನ್... ಸ್ವಾಮೀ, ನಮ್ಮ ಮಿಣುಕರು ಉಂಡ್ರಾ?"

ಏನೋ ಕೆಳಗೆ ಬಿತ್ತು. ಪ್ರೊಫೆಸರರ ಮೊಣಕಾಲುಗಳು.

"ಬೇಡ ಕ್ಯಾಪ್ಟನ್..." ಧ್ವನಿ ನೆಲದ ಹತ್ತಿರದಿಂದ ಬಂತು. "ನಾನು ಕೊಲ್ಲಲಿಲ್ಲಪ್ಪಾ. ನಿನಗೇ ಗೊತ್ತಲ್ಲ. ನಾನು ಬರೋವಷ್ಟರಲ್ಲಿ ನೀನು... ನಿನ್ನ ಕೈ ಮಡಚೋಕೆ ಬರಲಿಲ್ಲ, ಕಟ್ಟಿಗೆ ಆಗಿತ್ತು..."

ಅಕ್ಕ ಕಾಯುತ್ತಿದ್ದದ್ದು ಈ ಮಾತಿಗಲ್ಲ. ಅವಳು ಕ್ಯಾಪ್ಟನ್ ಧ್ವನಿಯನ್ನು ಬಿಟ್ಟು ತನ್ನದಕ್ಕೆ ಬಂದಳು. "ಪ್ರೊಫೆಸರ್ರೇ, ನಾನು. ಎದ್ದೇಳಿ. ಮೊದಲಿಂದ ಹೇಳಿ."

ಅವರು ಏಳಲಿಲ್ಲ. ತೊಟ್ಟಿಯ ಗೋಡೆಗೆ ಒರಗಿ ಕುಳಿತೇ ಹೇಳಿದರು. ಮೊದಲ ಸಲ ಅವರ ಮಾತಿನಲ್ಲಿ ಪ್ರಶ್ನೆಗಳಿರಲಿಲ್ಲ.

"ನಡುರಾತ್ರಿ ದಾಟಿದ ಮೇಲೆ ಫೋನು ಬಂತು. ತೊಟ್ಟಿ ದೀಪ ಆರಿದೆ ಸ್ವಾಮೀ, ಬೇಗ ಬನ್ನಿ ಅಂದ. ರಾತ್ರಿ ದೀಪ ಆರಿದ್ರೆ ನನ್ನ ಮಿಣುಕರ ಲೆಕ್ಕ ತಪ್ಪುತ್ತೆ. ಓಡಿಬಂದೆ. ಬಾಗಿಲಿಗೆ ಹೊರಗಿಂದ ಬೀಗ ಹಾಕಿತ್ತು, ನನ್ನ ಕೀಲಿಯಿಂದ ತೆಗೆದೆ. ಒಳಗೆ ನಿಜವಾಗ್ಲೂ ದೀಪ ಇರಲಿಲ್ಲ. ನೀರು ತಣ್ಣಗಾಗಿದೆಯಾ ಅಂತ ಕೈ ಹಾಕಿದೆ. ಹೊಳೀಲಿಲ್ಲ. ಅವಕ್ಕೆ ಅದು ಹಗಲು. ಆ ಕತ್ತಲೆಯಲ್ಲಿ ಕೈಗೆ... ಕೂದಲು ಸಿಕ್ಕಿತು."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರು? ತೊಟ್ಟಿ ಖಾಲಿ ಮಾಡ್ತಿದ್ರು. ಚರಂಡಿಗೆ! ಕೊಲ್ಲಿ ಸಾಯ್ತಿದೆ ಮೇಡಂ. ದಡದಲ್ಲಿ ದೀಪ ಹೆಚ್ಚಾಯ್ತು. ಬರೋರೆಲ್ಲ ಮೈಗೆ ಕ್ರೀಮು ಬಳ್ಕೊಂಡು ನೀರಿಗೆ ಕೈ ಹಾಕ್ತಾರೆ. ವರ್ಷದಿಂದ ವರ್ಷಕ್ಕೆ ಮಂಕು. ಒಂದು ದಿನ ಪೂರ್ತಿ ಆರಿಹೋದರೆ ಮತ್ತೆ ಬಿತ್ತೋಕೆ ಬೀಜ ಇರೋದು ಈ ತೊಟ್ಟಿಯಲ್ಲಿ ಮಾತ್ರ. ಅವನು ಹೇಗೂ ಸತ್ತಿದ್ದ. ಇವು ಬದುಕಿದ್ವು. ಅವನನ್ನ ತಳ್ಳುಗಾಡಿಗೆ ಹಾಕ್ಕೊಂಡು ಕಟ್ಟೆಗೆ ತಂದೆ."

ಹೀಗೆ ಯೋಚಿಸಲು ಪ್ರಪಂಚದಲ್ಲಿ ಇವರೊಬ್ಬರಿಗೇ ಸಾಧ್ಯವಿತ್ತು. ಬೇರೆ ಯಾರಾದರೂ ಆಗಿದ್ದರೆ ಮೊದಲು ತೊಟ್ಟಿಯ ಗೂಟ ಕಿತ್ತು ನೀರನ್ನು ಚೆಲ್ಲುತ್ತಿದ್ದರು, ಬೂಟು ಅಲ್ಲಿಗೆ ಮೂಕವಾಗುತ್ತಿತ್ತು. ಗೆಳೆಯನ ಹೆಣವನ್ನು ತಳ್ಳುಗಾಡಿಯಲ್ಲಿ ಸಾಗಿಸಿದ ಈ ಕೈಗಳಿಗೆ ಒಂದು ತೊಟ್ಟಿ ನೀರು ಚೆಲ್ಲಲು ಮನಸ್ಸು ಬಂದಿರಲಿಲ್ಲ.

"ಕಟ್ಟೆಯಿಂದ ಸ್ವಲ್ಪ ದೂರ ದೋಣಿಯಲ್ಲಿ ಹೋಗಿ ಬಿಟ್ಟೆ," ಎಂದರು ಪ್ರೊಫೆಸರ್. "ಅಲ್ಲಿ ರಾತ್ರಿ ರಾತ್ರಿಯೇ ಅಲ್ವಾ. ಇಳೀತಾ ಇಳೀತಾ ಪೂರ್ತಿ ಬೆಳಗಿದ ಮೇಡಂ. ಮುಖ, ಬೆರಳು, ಎಲ್ಲ. ಮನುಷ್ಯನ ಆಕಾರದ ದೀಪ. ನನ್ನನ್ನೇ ನೋಡ್ತಾ ಇಳಿದ."

ತಮ್ಮ ಕಂಡ ನೀಲಿ ಮನುಷ್ಯ. ಆದರೆ ಅಕ್ಕನ ಕಿವಿ ಬೇರೊಂದು ಮಾತಿಗೆ ತಗುಲಿಕೊಂಡಿತ್ತು.

"ನಿಲ್ಲಿ. ಫೋನು ಮಾಡಿದ್ದು ಯಾರು ಅಂದ್ರಿ?"

"ಕ್ಯಾಪ್ಟನ್."

"ನೀವು ಓಡಿಬಂದ್ರಿ. ಬಂದಾಗ ದೇಹ ಕಟ್ಟಿಗೆ ಆಗಿತ್ತು. ಅಷ್ಟು ಸೆಟೆಯೋಕೆ ಸತ್ತು ಬಹಳ ಹೊತ್ತಾಗಿರಬೇಕು."

ಪ್ರೊಫೆಸರರ ಬೆನ್ನು ತೊಟ್ಟಿಯ ಗೋಡೆಗೆ ಉಜ್ಜಿದ ಸದ್ದಾಯಿತು.

"ಅದನ್ನೇ ನಾನು ಎರಡು ದಿನದಿಂದ ಯ...ಯೋಚಿಸಬಾರದು ಅಂತಿದ್ದೀನಿ ಮೇಡಂ. ಅವನದೇ ಧ್ವನಿ. ಸಂದೇಹವೇ ಇಲ್ಲ. ಸತ್ತಮೇಲೆ ಫೋನು ಮಾಡಿದ."

"ಸತ್ತವರು ಫೋನು ಮಾಡಲ್ಲ. ಮಾಡಿದ್ರೂ ದೀಪ ಆರಿದೆ ಅಂತ ಮಾಡಲ್ಲ. ಆ ಧ್ವನಿ ಇನ್ಯಾರಿಗಿದೆ?"

"ಫೋನಿನಲ್ಲಿ ಅಣ್ಣ ಯಾರು ತಮ್ಮ ಯಾರು ಅಂತ ಅವರಮ್ಮನಿಗೂ ಗೊತ್ತಾಗ್ತಿರಲಿಲ್ಲ."

ಅಕ್ಕ ಕಣ್ಣು ಮುಚ್ಚಿಕೊಂಡಳು, ಮುಚ್ಚಿದರೂ ವ್ಯತ್ಯಾಸವಿರಲಿಲ್ಲ. ಯಾರನ್ನು ಉಳಿಸಲು ಬಂದಿದ್ದಳೋ ಅವನ ಕೊರಳಿಗೇ ಹಗ್ಗ ಬಿಗಿಯುತ್ತಿತ್ತು. ಇದನ್ನು ಇನ್ಸ್‌ಪೆಕ್ಟರ್ ಕೇಳಿದರೆ ಕೈ ಕುಲುಕಿ ಧನ್ಯವಾದ ಹೇಳುತ್ತಾನೆ.

"ಯಾವ ಫೋನಿನಿಂದ ಬಂತು?"

"ಟಿಕೆಟ್ ಕೌಂಟರಿನದು. ನಂಬರು ನೋಡಿದೆ."

"ಅದಾದಮೇಲೆ ಎಷ್ಟು ಹೊತ್ತಿಗೆ ನೀವು ಹೆಣ ನೀರಿಗೆ ಬಿಟ್ಟಿದ್ದು?"

"ಹೊತ್ತೆಲ್ಲಿ? ಆ ಕೂಡಲೇ. ಒಂದು ನಿಮಿಷ ನಿಂತಿದ್ರೂ ನನಗೆ ಧೈರ್ಯ ಉಳೀತಿರಲಿಲ್ಲ."

"ನೀರಿನ ಮೇಲೆ ಇನ್ಯಾರಾದ್ರೂ ಇದ್ರಾ? ನೆನಪು ಮಾಡ್ಕೊಳ್ಳಿ."

"ಇದ್ದ... ಹೌದು, ಇದ್ದ! ದೂರದಲ್ಲಿ, ಕೊಲ್ಲಿ ಬಾಯಿ ಹತ್ರ ಒಂದು ದೋಣಿ. ದೋಣಿ ಕಾಣ್ತಿರಲಿಲ್ಲ. ಹುಟ್ಟು ಬಿದ್ದಾಗಲೆಲ್ಲ ಎರಡು ಕಡೆ ಎರಡು ಬೆಳಕು. ನನ್ನನ್ನ ನೋಡಿಬಿಟ್ಟನಲ್ಲ ಅಂತ ಹೆದರಿ..."

"ಕೌಂಟರಿನಿಂದ ಕೊಲ್ಲಿ ಬಾಯಿಗೆ ಹುಟ್ಟು ಹಾಕ್ಕೊಂಡು ಹೋಗೋಕೆ?"

"ಗಂಟೆಗಿಂತ ಜಾಸ್ತಿ ಬೇಕು ಮೇಡಂ."

ಅಕ್ಕ ತೊಟ್ಟಿಯ ಗೋಡೆಗೆ ಕೈ ಕೊಟ್ಟು ನಿಂತಳು. ಕೊಲ್ಲಿ ಬಾಯಿಯಲ್ಲಿದ್ದವನು ಅದೇ ಹೊತ್ತಿಗೆ ಕೌಂಟರಿನಲ್ಲಿ ಫೋನು ಹಿಡಿದಿರಲಾರ. ತಮ್ಮ ಬಚಾವಾದ. ಈ ಮನುಷ್ಯನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕಟ್ಟೆಯ ಮೇಲೆ ಇಷ್ಟನ್ನೇ ಹೇಳಿಸಿದರೆ ಸಾಕು.

ಆಗ ಗೋಡೆಯಾಚೆಯಿಂದ ಲಾಂಚಿನ ಹಾರನ್ ಕೇಳಿಸಿತು. ಉದ್ದಕ್ಕೆ, ದನ ಕೂಗಿದ ಹಾಗೆ.

"ಏಳಿ! ಏಳಿ ಪ್ರೊಫೆಸರ್ರೇ! ಓಡ್ಬೇಕು!"

ಅವಳು ಅವರ ತೋಳು ಹುಡುಕಿ ಎಳೆದಳು. ಫೋನು ಇದ್ದಿದ್ದರೆ ಇಲ್ಲಿಂದಲೇ ಇನ್ಸ್‌ಪೆಕ್ಟರ್‌ಗೆ ಕೂಗಬಹುದಿತ್ತು, ಫೋನು ಬುಟ್ಟಿಯಲ್ಲಿತ್ತು. ಇಬ್ಬರೂ ತಡಕಾಡುತ್ತ ಬಾಗಿಲಿನತ್ತ ತಿರುಗಿದರು.

"ಇನ್ನೊಂದೇ ಪ್ರಶ್ನೆ," ಎಂದಳು ಅಕ್ಕ ಏದುಸಿರಿನಲ್ಲಿ. "ಹೊರಗಿಂದ ಬೀಗ ಹಾಕಿತ್ತು ಅಂದ್ರಲ್ಲ. ಕ್ಯಾಪ್ಟನ್ ಕೀಲಿ?"

"ಅವನ ಜೇಬಿನಲ್ಲೇ ಇತ್ತು. ನಾನೇ ನೋಡಿದೆ."

"ಮೂರನೇ ಕೀಲಿ?"

"ಮೂರನೇದು ಇಲ್ಲವೇ ಇಲ್ಲ ಮೇಡಂ."

ತೊಟ್ಟಿಯ ಆ ತುದಿಯಲ್ಲಿ ನೀರು ಬೆಳಗಿತು.

ಅಲ್ಲಿ ಯಾರೂ ಇರಬಾರದಿತ್ತು. ಇಬ್ಬರೂ ಈ ತುದಿಯಲ್ಲಿದ್ದರು. ಆದರೂ ಅಲ್ಲಿ, ಕಪ್ಪಿನ ನಡುವೆ, ಒಂದು ನೀಲಿ ಚುಕ್ಕೆ ಹುಟ್ಟಿತು. ಅದು ನಿಧಾನವಾಗಿ ಸರಿದು ಒಂದು ಗೆರೆಯಾಯಿತು, ಗೆರೆ ಬಾಗಿ ಉಂಗುರವಾಯಿತು. ಅವಸರವಿಲ್ಲದೆ, ಆಟವಾಡುವಂತೆ ಯಾರೋ ನೀರಿನಲ್ಲಿ ಬೆರಳು ತಿರುಗಿಸುತ್ತಿದ್ದರು.

ಮತ್ತೆ ಸತ್ತ ಮನುಷ್ಯ ಮಾತಾಡಿದ.

"ಏನ್... ಸ್ವಾಮೀ, ನಮ್ಮ ಮಿಣುಕರು ಉಂಡ್ರಾ?"

"ಮೇಡಂ, ದಯವಿಟ್ಟು ಬೇಡ," ಎಂದರು ಪ್ರೊಫೆಸರ್ ಅಳುತ್ತ. "ಎಲ್ಲ ಹೇಳಿದ್ನಲ್ಲ."

ಅಕ್ಕ ಬಾಯಿ ತೆರೆದಿರಲಿಲ್ಲ.

ಅವಳ ಕೈ ಪ್ರೊಫೆಸರರ ತೋಳಿನ ಮೇಲೆ ಬಿಗಿಯಿತು. ಮೂಗಿನಲ್ಲಿ ಸಿಕ್ಕಿಕೊಂಡ ಆ ಸಣ್ಣ ಉಸಿರು. 'ಸ್ವಾಮೀ'ಯಲ್ಲಿ ಒಂದು ಮೆಟ್ಟಿಲು ಜಾರಿದ ಧ್ವನಿ. ತಾನು ಬೆಳಿಗ್ಗೆಯೆಲ್ಲ ಬೆವರು ಹರಿಸಿ ಕಲಿತದ್ದು ಇಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬಂದಿತ್ತು.

ಹೊರಗೆ ಹಾರನ್ ಇನ್ನೊಮ್ಮೆ ಕೂಗಿತು. ಈ ಸಲ ಅದು ದೂರದಿಂದ ಬಂತು.

ನೀಲಿ ಉಂಗುರ ಆರಿತು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ ಸದ್ದಾಯಿತು. ಹೆಜ್ಜೆಗಳು ಗೋಡೆಯ ಗುಂಟ, ಏನನ್ನೂ ಎಡವದೆ, ಬಾಗಿಲಿನವರೆಗೆ ನಡೆದವು. ಬೀಗದಲ್ಲಿ ಕೀಲಿ ತಿರುಗಿತು. ಒಳಗಿನಿಂದ.

"ಅಕ್ಕಾ," ಎಂದಿತು ಕತ್ತಲೆ, ಈಗ ಬೇರೆಯದೇ ಆದ, ಟಿಕೆಟ್ ಕೌಂಟರಿನ ಜಾಲರಿಯ ಹಿಂದಿನ ಮೆತ್ತನೆಯ ಧ್ವನಿಯಲ್ಲಿ, "ಚೆನ್ನಾಗೇ ಒಪ್ಪಿಸಿದ್ರಿ. ಆದ್ರೆ 'ಸ್ವಾಮೀ'ನ ನೀವು ಇನ್ನೂ ಸ್ವಲ್ಪ ಜಾಸ್ತಿ ಎಳೀತೀರಿ."